ಏಳನೇ ಹೆಸರು ಯಾರದು?

ರಜೆಗೆ ಊರಿಗೆ ಹೋದಾಗ ಬಳಗಾನೂರಿನಲ್ಲಿ ಒಂದು ಓಪನ್ ಕಬಡ್ಡಿ ಪಂದ್ಯಕ್ಕೆ ತಂಡದ ಹೆಸರು ಕೊಡಬೇಕಿತ್ತು. ನಮ್ಮ ಕಾಲೇಜಿನಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರು ಕಡೆಯವರು ಸೇರಿದರೆ ಹತ್ತು ಜನ ಆಗ್ತೀವಿ. ಆರು ಹೆಸರು ಐದು ನಿಮಿಷದಲ್ಲಿ ಬರೆದು ಮುಗಿಸಿದ್ವಿ. ಏಳನೇದಕ್ಕೆ ಎರಡು ಸಂಜೆ ಹೋದವು. ಕಾಲುವೆ ದಂಡೆ ಮೇಲೆ ಕೂತು, ಒಬ್ಬರ ಮೇಲೊಬ್ಬರು ದನಿ ಏರಿಸಿ, ಕೊನೆಗೆ ಒಬ್ಬ ಎದ್ದು ಹೋಗೋ ತನಕ ಆಯಿತು. ಆ ಜಗಳದಲ್ಲಿ ನಾವು ಕಲಿತದ್ದನ್ನು ಇಲ್ಲಿ ಬರೀತಿದ್ದೀವಿ. ಲೆಕ್ಕ ಸ್ವಲ್ಪ ಬರುತ್ತದೆ, ಹೆದರಬೇಡಿ, ಪಿಯುಸಿಯ ಸಂಭವನೀಯತೆ ಸಾಕು.

ಪ್ರಶ್ನೆ ಇಷ್ಟು. ಇಬ್ಬರು ರೇಡರ್ ಖಚಿತ. ಎರಡೂ ಮೂಲೆಗೆ ಕಾರ್ನರ್ ಖಚಿತ. ಒಬ್ಬ ಕವರ್ ಖಚಿತ. ಆರನೆಯವನು ಆಲ್‌ರೌಂಡರ್, ಎಲ್ಲಿ ನಿಲ್ಲಿಸಿದರೂ ನಿಲ್ಲುತ್ತಾನೆ. ಉಳಿದ ಒಂದು ಜಾಗಕ್ಕೆ ಇಬ್ಬರು. ಒಬ್ಬ ನಮ್ಮ ಮೆಕ್ಯಾನಿಕಲ್ ಗೆಳೆಯ, ಕೊನೇ ವರ್ಷದವನು, ಬೋನಸ್ ತರೋದರಲ್ಲಿ ಪಳಗಿದವನು. ಊರ ಮುಂದೆ ಆಡೋದು ಅವನಿಗೆ ಇದೇ ಕೊನೆ ಸಲ ಇರಬಹುದು, ಕೆಲಸ ಸಿಕ್ಕು ಹೊಸೂರಿಗೋ ಪುಣೆಗೋ ಹೋದರೆ ಮತ್ತೆ ಯಾವಾಗಲೋ. ಅವರಪ್ಪ ಗದ್ದೆ ಕೆಲಸ ಬಿಟ್ಟು ನೋಡೋಕೆ ಬರ್ತೀನಿ ಅಂದಿದ್ದರು. ಇನ್ನೊಬ್ಬ ಎರಡನೇ ವರ್ಷದ ಹುಡುಗ. ಮಾತು ಕಮ್ಮಿ, ರೇಡ್‌ಗೆ ಹೋದರೆ ಬರಿಗೈಯಲ್ಲಿ ಬರುತ್ತಾನೆ, ಆದರೆ ಕವರ್‌ನಲ್ಲಿ ನಿಂತು ಡ್ಯಾಶ್ ಕೊಟ್ಟರೆ ಎದುರಾಳಿ ಗೆರೆ ಆಚೆ ಬೀಳುತ್ತಾನೆ.

"ಪಾಯಿಂಟ್ ತರೋನ್ನ ಹೊರಗ ಕುಂದ್ರಿಸಿ ಹಿಡಿಯೋನ್ನ ಆಡಿಸ್ತೀರೇನಲೇ?" ಅಂತ ಒಂದು ಗುಂಪು. "ಹಿಡಿದ್ರೂ ಪಾಯಿಂಟೇ ಅಲ್ಲೇನಪ?" ಅಂತ ಇನ್ನೊಂದು.

ಇದು ಕಬಡ್ಡಿಯ ಜಗಳ ಮಾತ್ರ ಅಲ್ಲ. ನಮ್ಮ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಹುಡುಗರು ಆರಂಭದ ಐವರನ್ನು ಆರಿಸುವಾಗಲೂ ಇದೇ ಮಾತು ಕೇಳಿದ್ದೇವೆ: ಬಾಸ್ಕೆಟ್‌ಗೆ ಹಾಕುವವನು ಬೇಕೋ, ಎದುರಿನವನಿಗೆ ಹಾಕಲು ಬಿಡದವನು ಬೇಕೋ. ಕ್ರಿಕೆಟ್‌ನಲ್ಲಿ ಬ್ಯಾಟಿಂಗು ಒಂದು ಹೊತ್ತು, ಬೌಲಿಂಗು ಒಂದು ಹೊತ್ತು. ಬ್ಯಾಸ್ಕೆಟ್‌ಬಾಲ್, ಕಬಡ್ಡಿಯಲ್ಲಿ ಹಾಗಲ್ಲ. ಅದೇ ಐದು ಜನ, ಅದೇ ಏಳು ಜನ, ಅರ್ಧ ನಿಮಿಷಕ್ಕೊಮ್ಮೆ ಕೆಲಸ ಬದಲಾಗುತ್ತದೆ. ಅದಕ್ಕೇ ಒಂದು ಹೆಸರು ಬದಲಿಸಿದರೆ ಎರಡೂ ಕಡೆಯ ಲೆಕ್ಕ ಒಟ್ಟಿಗೆ ಅಲುಗಾಡುತ್ತದೆ.

ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ. 2015ರ ಎನ್‌ಬಿಎ ಫೈನಲ್ಸ್‌ನಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್ ತಂಡ ಕ್ಲೀವ್‌ಲ್ಯಾಂಡ್ ಎದುರು 1-2ರಿಂದ ಹಿಂದಿತ್ತು. ನಾಲ್ಕನೇ ಪಂದ್ಯಕ್ಕೆ ಕೋಚ್ ಸ್ಟೀವ್ ಕರ್ ತನ್ನ ಏಳಡಿ ಎತ್ತರದ ಸೆಂಟರ್ ಆಂಡ್ರ್ಯೂ ಬೋಗಟ್‌ನನ್ನು ಕೂರಿಸಿ ಆಂಡ್ರೆ ಇಗ್ವಾಡಾಲನನ್ನು ಆರಂಭದಲ್ಲೇ ಇಳಿಸಿದರು. ಆ ಸೀಸನ್‌ನ ಲೀಗ್ ಪಂದ್ಯಗಳಲ್ಲಿ ಇಗ್ವಾಡಾಲ ಒಂದರಲ್ಲೂ ಆರಂಭದ ಐವರಲ್ಲಿ ಇರಲಿಲ್ಲ. ಈ ಸಲಹೆ ಕೊಟ್ಟವನು ದೊಡ್ಡ ಕೋಚ್ ಏನೂ ಅಲ್ಲ, ಹಿಂದಿನ ವರ್ಷದ ಫೈನಲ್ಸ್ ವಿಡಿಯೊ ನೋಡುತ್ತಾ ಕೂತಿದ್ದ ನಿಕ್ ಯೂರೆನ್ ಎಂಬ ಸಹಾಯಕ. ನಾಲ್ಕನೇ ಪಂದ್ಯ 103-82ರಿಂದ ಗೆದ್ದರು, ಸರಣಿ 4-2ರಿಂದ ಗೆದ್ದರು, ಫೈನಲ್ಸ್‌ನ ಶ್ರೇಷ್ಠ ಆಟಗಾರ ಇಗ್ವಾಡಾಲ. ಎತ್ತರ ಕಡಿಮೆ ಮಾಡಿಕೊಂಡರೆ ರಕ್ಷಣೆ ಸೋರುತ್ತದೆ ಅಂತ ಎಲ್ಲರೂ ಅಂದುಕೊಳ್ಳುವ ಜಾಗದಲ್ಲಿ, ಲೆಬ್ರಾನ್ ಜೇಮ್ಸ್‌ನ ಬೆನ್ನು ಬಿಡದೆ ನಿಲ್ಲುವ ಒಬ್ಬನನ್ನು ಇಟ್ಟು ದಾಳಿಯ ವೇಗವನ್ನೂ ಏರಿಸಿಕೊಂಡರು. (ನಮ್ಮಲ್ಲೂ ವಿಡಿಯೊ ನೋಡಿ ಸಲಹೆ ಕೊಡುವವರಿಗೆ ಬರ ಇಲ್ಲ. ಕೇಳುವ ಕೋಚ್ ಬೇಕು ಅಷ್ಟೇ.)

ಕಬಡ್ಡಿಗೆ ಬರೋಣ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇಲ್ಲದ ಒಂದು ಗಂಟು ಇದರಲ್ಲಿದೆ. ಔಟ್ ಆದವನು ಹೊರಗೆ ಕೂರಬೇಕು, ತನ್ನ ತಂಡ ಎದುರಾಳಿಯನ್ನು ಔಟ್ ಮಾಡಿದರೆ ಮಾತ್ರ ಒಬ್ಬೊಬ್ಬನಾಗಿ ಏಳಬೇಕು. ಅದೂ ಔಟ್ ಆದ ಸರದಿಯಲ್ಲೇ. ನಿಮ್ಮ ದೊಡ್ಡ ರೇಡರ್ ಮೊದಲು ಔಟ್ ಆಗಿದ್ದರೆ ಒಂದು ಔಟ್‌ಗೆ ಎದ್ದುಬರುತ್ತಾನೆ. ಅವನ ಮುಂದೆ ಇಬ್ಬರು ಕೂತಿದ್ದರೆ ಮೂರು ಬೇಕು. ಅಂದರೆ ಎಂಥ ರೇಡರ್ ಇದ್ದರೂ ಅವನನ್ನು ಎಬ್ಬಿಸುವ ಕೆಲಸ ಉಳಿದವರದು. ಅವನು ಹೊರಗಿರುವಾಗ ಎದುರಾಳಿಯ ರೇಡರ್‌ನನ್ನು ಹಿಡಿದರೆ ಮೂರು ಕೆಲಸ ಒಟ್ಟಿಗೆ ಆಗುತ್ತವೆ: ಒಂದು ಪಾಯಿಂಟ್ ಬಂತು, ಅವರ ರೇಡರ್ ಹೊರಗೆ ಹೋದ, ನಮ್ಮವನು ಒಳಗೆ ಬಂದ.

ಇದು ಕಣ್ಣಿಗೆ ಕಂಡದ್ದು 2019ರ ಜನವರಿ 5ರಂದು. ಪ್ರೊ ಕಬಡ್ಡಿ ಆರನೇ ಸೀಸನ್ ಫೈನಲ್, ಮುಂಬೈನಲ್ಲಿ, ಬೆಂಗಳೂರು ಬುಲ್ಸ್ ಎದುರು ಗುಜರಾತ್ ಫಾರ್ಚೂನ್‌ಜೈಂಟ್ಸ್. ಆ ಸೀಸನ್‌ನಲ್ಲಿ 271 ರೇಡ್ ಪಾಯಿಂಟ್ ತಂದ ಪವನ್ ಶೆರಾವತ್ ನಮ್ಮ ಕಡೆ. ಅವರ ಕಡೆ ಸುನಿಲ್ ಕುಮಾರ್, ಪರ್ವೇಶ್ ಭೈನ್ಸ್‌ವಾಲ್ ಕವರ್ ಜೋಡಿ, ಇಬ್ಬರೂ ಒಂದೇ ದೇಹದ ಎರಡು ಕೈ ಇದ್ದ ಹಾಗೆ. ಅರ್ಧ ಆಟಕ್ಕೆ ಗುಜರಾತ್ 16-9ರಿಂದ ಮುಂದು. ಕೊನೆಗೆ ಬುಲ್ಸ್ 38-33. ಪವನ್ ಒಬ್ಬನೇ 22. ಮಾರನೇ ದಿನ ಹಾಸ್ಟೆಲು, ಹೋಟೆಲು ಎಲ್ಲಾ ಕಡೆ ಒಂದೇ ಮಾತು, ಪವನ್ ಗೆಲ್ಲಿಸಿದ.

ಗೆಲ್ಲಿಸಿದ, ಸುಳ್ಳಲ್ಲ. ಆದರೆ 22 ಪಾಯಿಂಟ್ ತರಬೇಕಾದರೆ ಅವನು ಅಂಕಣದಲ್ಲಿ ಇರಬೇಕು. ರೇಡರ್ ಔಟ್ ಆಗದೆ ಇರೋದಿಲ್ಲ. ಪ್ರತಿ ಸಲ ಅವನು ಹೊರಗೆ ಹೋದಾಗ ಎಷ್ಟು ಹೊತ್ತು ಅಲ್ಲಿ ಕೂತ ಅನ್ನೋದನ್ನ ನಾವು ಯಾರೂ ಎಣಿಸೋದಿಲ್ಲ, ಟಿವಿಯಲ್ಲೂ ತೋರಿಸೋದಿಲ್ಲ. ಮಹೇಂದರ್ ಸಿಂಗ್‌ನಂಥ ಕವರ್ ಆ ತಂಡದಲ್ಲಿ ಇದ್ದದ್ದು ಅದಕ್ಕೇ.

ಮುಂದಿನ ಸೀಸನ್ ಇನ್ನೂ ಚೆನ್ನಾಗಿ ಪಾಠ ಹೇಳುತ್ತದೆ. 2019ರಲ್ಲಿ ಪವನ್ 346 ರೇಡ್ ಪಾಯಿಂಟ್ ತಂದ. ಅಕ್ಟೋಬರ್ 2ರಂದು ಹರಿಯಾಣ ಸ್ಟೀಲರ್ಸ್ ಎದುರು ಒಂದೇ ಪಂದ್ಯದಲ್ಲಿ 39 ರೇಡ್ ಪಾಯಿಂಟ್, ಆಗಿನ ದಾಖಲೆ. ಹಿಂದಿನ ವರ್ಷಕ್ಕಿಂತ 75 ಪಾಯಿಂಟ್ ಜಾಸ್ತಿ ತಂದರೂ ತಂಡ ಸೆಮಿಫೈನಲ್‌ನಲ್ಲಿ ದಬಂಗ್ ಡೆಲ್ಲಿಗೆ 38-44ರಿಂದ ಸೋತಿತು. ಆ ಡೆಲ್ಲಿಯೂ ಫೈನಲ್‌ನಲ್ಲಿ ಸೋತಿತು. ಅಲ್ಲಿ ಅವರ ನವೀನ್ ಕುಮಾರ್ 18 ಪಾಯಿಂಟ್ ತಂದರೂ ಬೆಂಗಾಲ್ ವಾರಿಯರ್ಸ್ 39-34ರಿಂದ ಗೆದ್ದಿತು. ಗೆದ್ದ ತಂಡದ ನಾಯಕ ಮತ್ತು ದೊಡ್ಡ ರೇಡರ್ ಮಣಿಂದರ್ ಸಿಂಗ್ ಗಾಯದಿಂದ ಆ ಫೈನಲ್ ಆಡಲೇ ಇಲ್ಲ! ಇರಾನಿನ ಆಲ್‌ರೌಂಡರ್ ಮೊಹಮ್ಮದ್ ನಬಿಬಕ್ಷ್ ತಂಡ ನಡೆಸಿದ. ನಮ್ಮ ಕರ್ನಾಟಕದ ಸುಕೇಶ್ ಹೆಗ್ಡೆಯೂ ಆ ತಂಡದಲ್ಲಿದ್ದರು. ಕೋಚ್ ಕೂಡ ನಮ್ಮವರೇ, ಅರ್ಜುನ ಪ್ರಶಸ್ತಿ ಪಡೆದ ಬಿ.ಸಿ. ರಮೇಶ್. ಅದೇ ರಮೇಶ್ 2024ರ ಮಾರ್ಚ್ 1ರಂದು ಪುಣೇರಿ ಪಲ್ಟನ್‌ಗೆ ಹತ್ತನೇ ಸೀಸನ್ ಕಪ್ ಕೊಡಿಸಿದರು, ಹರಿಯಾಣ ಎದುರು 28-25. ಪವನ್ ಆಡಿದ ಫೈನಲ್‌ನಲ್ಲಿ ಎರಡೂ ತಂಡ ಸೇರಿ 71 ಪಾಯಿಂಟ್, ಇದರಲ್ಲಿ 53. ಎರಡೂ ಕಪ್ಪೇ. ನೋಡುವವರಿಗೆ ಮೊದಲನೆಯದು ಖುಷಿ, ನಾವೂ ಅದನ್ನೇ ಯೂಟ್ಯೂಬಿನಲ್ಲಿ ಮತ್ತೆ ಮತ್ತೆ ನೋಡಿದವರು. ಆದರೆ ತಂಡ ಕಟ್ಟುವವನು ಎರಡನೆಯದನ್ನೂ ಕೂತು ನೋಡಬೇಕು.

ಇನ್ನೊಂದು ಸೋಲು, ಇದು ದೇಶದ್ದು. 1990ರಿಂದ 2014ರ ತನಕ ಏಳು ಏಷ್ಯನ್ ಗೇಮ್ಸ್‌ನಲ್ಲಿ ಗಂಡಸರ ಕಬಡ್ಡಿ ಚಿನ್ನ ಭಾರತದ್ದೇ. 2018ರಲ್ಲಿ ಜಕಾರ್ತಕ್ಕೆ ಹೋದ ಹನ್ನೆರಡು ಜನರಲ್ಲಿ ಅಜಯ್ ಠಾಕೂರ್, ಪರ್ದೀಪ್ ನರ್ವಾಲ್, ರಾಹುಲ್ ಚೌಧರಿ, ರಿಶಾಂಕ್ ದೇವಾಡಿಗ, ಮೋನು ಗೋಯತ್, ರೋಹಿತ್ ಕುಮಾರ್ ಇದ್ದರು. ಲೆಕ್ಕ ಹಾಕಿ, ಆರು ಜನ ರೇಡರ್‌ಗಳು, ಒಬ್ಬೊಬ್ಬರೂ ಟಿವಿಯ ಹೀರೊ. ಗುಂಪಿನ ಪಂದ್ಯದಲ್ಲಿ ದಕ್ಷಿಣ ಕೊರಿಯಾಗೆ 23-24ರಿಂದ ಸೋತರು. ಸೆಮಿಫೈನಲ್‌ನಲ್ಲಿ ಇರಾನ್‌ಗೆ 18-27. ಅರ್ಧ ತಂಡ ರೇಡರ್‌ಗಳೇ ಇದ್ದೂ 18 ಪಾಯಿಂಟ್! ಫಜಲ್ ಅತ್ರಾಚಲಿಯಂಥವರ ಹಿಡಿತಕ್ಕೆ ಸಿಕ್ಕು ರೇಡರ್‌ಗಳು ಒಬ್ಬೊಬ್ಬರಾಗಿ ಹೊರಗೆ ಹೋದರು, ಅವರನ್ನು ಎಬ್ಬಿಸುವಷ್ಟು ಟ್ಯಾಕಲ್ ಹಿಂದಿನಿಂದ ಬರಲಿಲ್ಲ. ಆ ಪಂದ್ಯದಲ್ಲಿ ನಾಯಕ ಠಾಕೂರ್ ಗಾಯಗೊಂಡದ್ದೂ ನಿಜ, ಎಲ್ಲಾ ತಪ್ಪು ಆಯ್ಕೆಯ ಮೇಲೆ ಹಾಕೋದು ನ್ಯಾಯ ಅಲ್ಲ. ಆದರೂ ನಮ್ಮ ವಾದದಲ್ಲಿ ಈ ಪಂದ್ಯವನ್ನು ಕವರ್ ಪರ ಇದ್ದವರು ಕನಿಷ್ಠ ಹತ್ತು ಸಲ ಎತ್ತಿದರು.

ಈಗ ಲೆಕ್ಕ. ಇಲ್ಲಿ ಬರುವ ಅಂಕಿಗಳು ನಮ್ಮ ಹುಡುಗರ ಆಟ ನೋಡಿ ನಾವೇ ಅಂದಾಜಿಗೆ ಇಟ್ಟುಕೊಂಡವು. ನಿಮ್ಮ ತಂಡಕ್ಕೆ ನೀವು ಬೇರೆ ಇಟ್ಟುಕೊಳ್ಳಿ.

ಒಂದು ರೇಡ್‌ಗೆ 30 ಸೆಕೆಂಡ್. ನಮ್ಮದೊಂದು, ಅವರದೊಂದು, ಒಂದು ಸುತ್ತಿಗೆ ಒಂದು ನಿಮಿಷ. 40 ನಿಮಿಷದ ಪೂರ್ತಿ ಆಟ ಅಂತ ಹಿಡಿದರೆ ಒಬ್ಬೊಬ್ಬರಿಗೆ ಸುಮಾರು 40 ರೇಡ್. (ಊರ ಪಂದ್ಯದಲ್ಲಿ ಸಮಯ ಇದಕ್ಕಿಂತ ಕಮ್ಮಿ, ಆದರೆ ಪ್ರಮಾಣ ಅದೇ.) ನಮ್ಮ ಮುಖ್ಯ ರೇಡರ್ ಹೊರಗೆ ಕೂತಿದ್ದಾನೆ, ಸರದಿಯಲ್ಲಿ ಅವನೇ ಮೊದಲು. ಎರಡನೇ ರೇಡರ್ ಹೋದರೆ ನೂರಕ್ಕೆ 35 ಸಲ ಟಚ್ ತರುತ್ತಾನೆ. ಮೆಕ್ಯಾನಿಕಲ್ ಗೆಳೆಯ ಕವರ್ ಜಾಗದಲ್ಲಿ ನಿಂತರೆ ನಮ್ಮ ತಂಡ ನೂರಕ್ಕೆ 25 ಸಲ ಎದುರಾಳಿಯನ್ನು ಹಿಡಿಯುತ್ತದೆ, ಎರಡನೇ ವರ್ಷದ ಹುಡುಗ ನಿಂತರೆ 35 ಸಲ.

ಒಂದು ಸುತ್ತಿನಲ್ಲಿ ಮುಖ್ಯ ರೇಡರ್ ಏಳದೇ ಇರಬೇಕಾದರೆ ನಮ್ಮ ರೇಡೂ ಖಾಲಿ, ಹಿಡಿತವೂ ಖಾಲಿ ಆಗಬೇಕು. ಗೆಳೆಯ ಇದ್ದರೆ ಅದು 0.65 ಗುಣಿಸು 0.75, ಅಂದರೆ 0.4875. ಏಳುವ ಸಂಭವ 0.5125. ಕವರ್ ಹುಡುಗ ಇದ್ದರೆ 0.65 ಗುಣಿಸು 0.65, ಅಂದರೆ 0.4225. ಏಳುವ ಸಂಭವ 0.5775. ಕಾಯುವ ಸುತ್ತುಗಳ ಸರಾಸರಿ ಬೇಕಾದರೆ ಒಂದನ್ನು ಈ ಸಂಖ್ಯೆಯಿಂದ ಭಾಗಿಸಿ: ಮೊದಲನೆಯದಕ್ಕೆ 1.95, ಎರಡನೆಯದಕ್ಕೆ 1.73. ವ್ಯತ್ಯಾಸ 0.22 ಸುತ್ತು. ಸಮಯದಲ್ಲಿ ಹೇಳಿದರೆ 13 ಸೆಕೆಂಡ್.

ಹದಿಮೂರು ಸೆಕೆಂಡ್! ಇದಕ್ಕೋಸ್ಕರ ಎರಡು ಸಂಜೆ ಬಾಯಿ ಮಾಡಿಕೊಂಡೆವಾ ಅಂತ ಎಲ್ಲರೂ ನಕ್ಕೆವು. ಆಮೇಲೆ ಒಬ್ಬ, ಪಂದ್ಯದಲ್ಲಿ ಮುಖ್ಯ ರೇಡರ್ ಆರು ಸಲ ಔಟ್ ಆಗ್ತಾನೆ ಅಂತ ಇಟ್ಟುಕೊಳ್ಳಿ ಅಂದ. ಆರು ಹದಿಮೂರಲೆ 78 ಸೆಕೆಂಡ್. ಅಂದರೆ ಅವನಿಗೆ ಇಡೀ ಪಂದ್ಯದಲ್ಲಿ ಒಂದೂಕಾಲು ರೇಡ್ ಜಾಸ್ತಿ ಸಿಗುತ್ತದೆ. ಕಮ್ಮಿ ಅಂತ ಅನಿಸುತ್ತದೆ, ಆದರೆ ನಾವು ಸೋತ ಪಂದ್ಯಗಳಲ್ಲಿ ಎಷ್ಟು ಒಂದೇ ಪಾಯಿಂಟಿನವು ಅಂತ ನೆನಪಾಯಿತು.

ಗೆಳೆಯನ ಪರ ಇದ್ದವರು ಸುಮ್ಮನೆ ಇರಲಿಲ್ಲ. ಅವನು ಪಂದ್ಯಕ್ಕೆ ಎಂಟು ರೇಡ್ ಹೋದರೆ, ನಾಲ್ಕಕ್ಕೊಂದು ಬೋನಸ್ ಅಂದರೂ ಎರಡು ಪಾಯಿಂಟ್ ಬಂತು. ನಿಮ್ಮ ಕವರ್ ಹುಡುಗ ಏನು ತಂದ? ಹಿಡಿತ ನೂರಕ್ಕೆ ಹತ್ತು ಜಾಸ್ತಿ ಆದರೆ 40 ರೇಡ್‌ಗೆ ನಾಲ್ಕು. ಆದರೆ ಅವನೂ ಔಟ್ ಆಗ್ತಾನೆ, ಅರ್ಧ ಹೊತ್ತು ಅಂಕಣದಲ್ಲಿದ್ದ ಅಂದರೆ ಎರಡೇ. ಹಾಗಾದರೆ ಎರಡಕ್ಕೆ ಎರಡು ಸಮ. ಮೇಲಾಗಿ, ಜಾಸ್ತಿ ಹಿಡಿಯೋಕೆ ಹೋಗುವವನು ತಪ್ಪಿದರೆ ಎದುರಾಳಿಗೇ ಪಾಯಿಂಟ್ ಕೊಡುತ್ತಾನೆ. ಈ ಕೊನೆಯ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ, ಈಗಲೂ ಪೂರ್ತಿ ಇಲ್ಲ. ಆತುರದ ಟ್ಯಾಕಲ್‌ನ ಬೆಲೆ ಲೆಕ್ಕಕ್ಕೆ ಹಾಕದೆ ಡಿಫೆಂಡರ್‌ನನ್ನು ಅಳೆಯೋಕೆ ಆಗೋದಿಲ್ಲ.

ಗಂಟು ಬಿಡಿಸಿದ್ದು ನಿಯಮಪುಸ್ತಕದ ಒಂದು ಸಾಲು, ಬೋನಸ್ ಬಗ್ಗೆ. ಎದುರಿಗೆ ಆರು ಅಥವಾ ಏಳು ಜನ ಇದ್ದಾಗ ಮಾತ್ರ ಬೋನಸ್ ಗೆರೆ ತೆರೆದಿರುತ್ತದೆ ಅನ್ನೋದು ಎಲ್ಲರಿಗೂ ಗೊತ್ತು. ಆದರೆ ಬೋನಸ್ ಪಾಯಿಂಟ್‌ಗೆ ಯಾರೂ ಏಳೋದಿಲ್ಲ. ಪಾಯಿಂಟ್ ಹಲಗೆ ಮೇಲೆ ಒಂದು ಏರುತ್ತದೆ, ಹೊರಗೆ ಕೂತವನು ಕೂತೇ ಇರುತ್ತಾನೆ. ಯಾಕೆಂದರೆ ಎದುರಿನವರು ಯಾರೂ ಔಟ್ ಆಗಿಲ್ಲ. ಮೂವರು ಅಥವಾ ಅದಕ್ಕಿಂತ ಕಮ್ಮಿ ಜನ ಇದ್ದು ಹಿಡಿದಾಗ ಸಿಗುವ ಸೂಪರ್ ಟ್ಯಾಕಲ್‌ನ ಹೆಚ್ಚುವರಿ ಪಾಯಿಂಟ್‌ಗೂ ಹೀಗೇ, ಎರಡು ಪಾಯಿಂಟ್ ಬಂದರೂ ಏಳುವವನು ಒಬ್ಬನೇ. ಹಾಗಾಗಿ ಎರಡೂ ಕಡೆ ಎರಡೆರಡು ಪಾಯಿಂಟ್ ಅಂತ ನಾವು ಸಮ ಮಾಡಿದ್ದು ತಪ್ಪು. ಗೆಳೆಯನ ಎರಡು ಹಲಗೆಯ ಮೇಲಿನ ಎರಡು. ಕವರ್ ಹುಡುಗನ ಎರಡರಲ್ಲಿ ನಮ್ಮ ಇಬ್ಬರು ಒಳಗೆ ಬರುತ್ತಾರೆ, ಅವರ ಇಬ್ಬರು ರೇಡರ್ ಹೊರಗೆ ಹೋಗುತ್ತಾರೆ. ಏಳು ಜನರೂ ಔಟ್ ಆದರೆ ಎದುರಾಳಿಗೆ ಎರಡು ಪಾಯಿಂಟ್ ಜಾಸ್ತಿ ಕೊಡುವ ಆಟದಲ್ಲಿ ತಲೆಯೆಣಿಕೆ ಸಣ್ಣ ವಿಷಯ ಅಲ್ಲ.

ಈ ಮಾತನ್ನು ಹೇಳಿದವರು ಯಾರು ಅಂದರೆ, ಎದ್ದು ಹೋಗಿದ್ದ ಅದೇ ಮೆಕ್ಯಾನಿಕಲ್ ಗೆಳೆಯ. ಅರ್ಧ ತಾಸು ಬಿಟ್ಟು ಗಿರಮಿಟ್ಟಿನ ಪೊಟ್ಟಣ ಹಿಡಿದುಕೊಂಡು ವಾಪಸ್ ಬಂದ. ನಾವು ಯಾರೂ ಅವನ ಮುಖ ನೋಡಲಿಲ್ಲ. ಅವನೇ ಶುರು ಮಾಡಿದ.

"ನಾ ಬೋನಸ್ ತಂದ್ರ ಯಾರೂ ಏಳಂಗಿಲ್ಲೋ. ದೊಡ್ಡಾವ ಹೊರಗ ಕುಂತಾಗ ನಾ ಒಳಗಿದ್ದು ಏನ್ ಮಾಡ್ಲಿ?"

"ಹಂಗಂದ್ರ ನೀ ಆಡಂಗಿಲ್ಲೇನು? ನಿಮ್ಮಪ್ಪ ಬರ್ತಾರಂತಲ್ಲ?"

"ಆಡ್ತೀನಿ. ಅವರು ಆಲೌಟ್ ಆಗಿ ಏಳೂ ಮಂದಿ ವಾಪಸ್ ಬಂದ್ರಂದ್ರ ನನ್ನ ಇಳಿಸ್ರಿ. ಆಗ ಗೆರಿ ತೆರದಿರ್ತದ, ನಮ್ಮವರೂ ಒಳಗ ಇರ್ತಾರ."

ಇದು ನಮಗೆ ಯಾರಿಗೂ ಹೊಳೆದಿರಲಿಲ್ಲ. ಆರಂಭದ ಏಳು ಜನರನ್ನು ಆರಿಸೋದೇ ತಂಡ ಆರಿಸೋದು ಅಂತ ನಾವು ಅಂದುಕೊಂಡಿದ್ದೆವು. ಅವನು ಪಂದ್ಯದ ಯಾವ ಹೊತ್ತಿಗೆ ಯಾರು ಅಂತ ಯೋಚಿಸುತ್ತಿದ್ದ. ಮುಂದೆ ಇದ್ದು ಸಮಯ ಕಳೆಯಬೇಕಾದಾಗ, ಎರಡು ರೇಡ್ ಖಾಲಿ ಹೋಗಿ ಮೂರನೇದರಲ್ಲಿ ಪಾಯಿಂಟ್ ತರಲೇಬೇಕಾದ ಡೂ ಆರ್ ಡೈ ರೇಡ್‌ನಲ್ಲಿ, ಎದುರಿಗೆ ಆರೇಳು ಜನ ಇದ್ದರೆ ಬೋನಸ್ ತರುವವನೇ ಬೇಕು. ಅದೇ ರೇಡ್ ನಾಲ್ಕು ಜನರ ಎದುರು ಆದರೆ ಅವನಿಂದ ಏನೂ ಆಗೋದಿಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಇದನ್ನು ಬೆಂಚಿನಿಂದ ಬರುವ ಆರನೇ ಆಟಗಾರನ ಕೆಲಸ ಅಂತಾರೆ, ಅದಕ್ಕೆ ಪ್ರತ್ಯೇಕ ಪ್ರಶಸ್ತಿಯೇ ಇದೆ. ಸ್ಯಾನ್ ಆಂಟೋನಿಯೊ ಸ್ಪರ್ಸ್‌ನ ಮನು ಜಿನೋಬಿಲಿ 2008ರಲ್ಲಿ ಅದನ್ನು ಪಡೆದವನು. ಅವನು ಆರಂಭದ ಐವರಿಗೆ ಸಾಲದವನಾಗಿದ್ದನೇ? ಯಾರೂ ಹಾಗೆ ಹೇಳಲಾರರು. ವ್ಯತ್ಯಾಸ ಒಂದೇ, ಬ್ಯಾಸ್ಕೆಟ್‌ಬಾಲ್‌ನಲ್ಲಿ ಎಷ್ಟು ಸಲ ಬೇಕಾದರೂ ಒಳಗೆ ಹೊರಗೆ ಬದಲಿಸಬಹುದು. ಕಬಡ್ಡಿಯಲ್ಲಿ ಬದಲಿಗೆ ಮಿತಿ ಇದೆ, ಇಳಿಸುವ ಹೊತ್ತು ತಪ್ಪಿದರೆ ಮುಗೀತು.

ಹಾಳೆ ಮೇಲೆ ಏಳನೇ ಹೆಸರನ್ನು ಅವನೇ ಬರೆದ, ಎರಡನೇ ವರ್ಷದ ಹುಡುಗನದು. ಕವರ್ ಜೋಡಿಗೆ ಒಟ್ಟಿಗೆ ಅಭ್ಯಾಸ ಬೇಕು ಅಂತ ಉಳಿದ ಮೂರು ದಿನ ತಾನೇ ರೇಡರ್ ಆಗಿ ಅವರ ಎದುರು ಹೋಗಿ ಹೋಗಿ ಹಿಡಿಸಿಕೊಂಡ. ಎರೆಮಣ್ಣಿನ ನೆಲ, ಮೇಲೆ ಹಾಕಿದ ಮರಳು ಸಾಲದೆ ಮೊಣಕೈ ಎಲ್ಲಾ ಕಿತ್ತಿತ್ತು.

ಪಂದ್ಯದ ವಿಷಯ ಹೇಳಿಬಿಡ್ತೀವಿ. ಮೊದಲನೆಯದು ಗೆದ್ದೆವು. ಎರಡನೆಯದರಲ್ಲಿ ಮುಖ್ಯ ರೇಡರ್ ಮೊದಲರ್ಧದಲ್ಲೇ ಎರಡು ಸಲ ಔಟ್. ಎರಡು ಸಲವೂ ಮರು ರೇಡ್‌ನಲ್ಲೇ ಕವರ್ ಹುಡುಗ ಎದುರಿನವನನ್ನು ಗೆರೆ ಆಚೆ ನೂಕಿ ಎಬ್ಬಿಸಿದ. ಎರಡನೇ ಅರ್ಧದಲ್ಲಿ ಎದುರಾಳಿ ಆಲೌಟ್ ಆದ ಕೂಡಲೇ ಗೆಳೆಯನನ್ನು ಇಳಿಸಿದೆವು. ಹೋದ ಮೊದಲ ಎರಡು ರೇಡ್‌ಗೆ ಎರಡು ಬೋನಸ್. ಅವರಪ್ಪ ಟವೆಲ್ ಬೀಸಿದ್ದು ನಾವು ನೋಡಿದೆವು, ಅವನು ನೋಡಲಿಲ್ಲ ಅಂತಾನೆ. ಲೆಕ್ಕ ಹಾಕಿದ ಹಾಗೇ ಎಲ್ಲಾ ನಡೆಯಿತು, ಆದರೂ ಮೂರು ಪಾಯಿಂಟ್‌ನಿಂದ ಸೋತೆವು. ಕಾರಣ ನಮ್ಮ ಬಲಗಡೆ ಕಾರ್ನರ್. ರೇಡರ್ ಇನ್ನೂ ತಿರುಗುವ ಮೊದಲೇ ಕಾಲಿಗೆ ಬಿದ್ದು, ನಾಲ್ಕು ಸಲ ಪಾಯಿಂಟ್ ಕೊಟ್ಟ. ಎರಡು ಸಂಜೆಯ ಜಗಳದಲ್ಲಿ ಅವನ ಹೆಸರು ಒಂದು ಸಲವೂ ಬಂದಿರಲಿಲ್ಲ. ಮೊದಲ ಐದು ನಿಮಿಷದಲ್ಲಿ ಬರೆದು ಮುಗಿಸಿದ ಆರು ಹೆಸರುಗಳಲ್ಲಿ ಅವನದು ಎರಡನೆಯದು.